ಪಚಿಂಕೋದಲ್ಲಿ ಗೆಲ್ಲಿಸುವುದು ಕೈಯೋ, ಮೊಳೆಯೋ, ಒಳಗಿನ ಲೆಕ್ಕವೋ? ತಿಳಿದವರು ಹೇಳಿ

ನಗೋಯಾದ ಹೊಸಬ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನು. ಕೆಲಸಕ್ಕೆಂದು ನಗೋಯಾಕ್ಕೆ ಬಂದು ಎಂಟು ತಿಂಗಳಾಯಿತು. ಕಚೇರಿಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಪಚಿಂಕೋ ಅಂಗಡಿ ಇದೆ, ಉಕ್ಕಿನ ಗುಂಡುಗಳನ್ನು ಚಿಮ್ಮಿಸಿ ಆಡುವ ಯಂತ್ರಗಳ ಅಂಗಡಿ. ಬಾಗಿಲು ತೆರೆಯುವುದು ಬೆಳಿಗ್ಗೆ ಹತ್ತಕ್ಕೆ. ಒಂಬತ್ತೂವರೆಗೇ ಅಜ್ಜಂದಿರು, ಹೆಂಗಸರು, ಕಾಲೇಜು ಹುಡುಗರು ಸಾಲುಗಟ್ಟಿ ನಿಂತಿರುತ್ತಾರೆ. ಯಾರೂ ಯಾರೊಂದಿಗೂ ಮಾತನಾಡುವುದಿಲ್ಲ.

ಮೊನ್ನೆ ಶುಕ್ರವಾರ ನಮ್ಮ ಕಚೇರಿಯ ಹಿರಿಯರೊಬ್ಬರು ಒಳಗೆ ಕರೆದುಕೊಂಡು ಹೋದರು. ಬಾಗಿಲು ಸರಿದ ಕೂಡಲೇ ತಗಡಿನ ಸೂರಿನ ಮೇಲೆ ಆಲಿಕಲ್ಲು ಸುರಿದಂಥ ಸದ್ದು. 1,000 ಯೆನ್ ಹಾಕಿದೆ, 250 ಉಕ್ಕಿನ ಗುಂಡುಗಳು ಬಂದವು. ಬಲಗೈಯಲ್ಲಿ ಒಂದು ಗುಂಡನೆಯ ಹಿಡಿಕೆ. ಅದನ್ನು ತಿರುಗಿಸಿದರೆ ಗುಂಡುಗಳು ಒಂದರ ಹಿಂದೆ ಒಂದು ಮೇಲಕ್ಕೆ ಚಿಮ್ಮಿ, ಮೊಳೆಗಳ ನಡುವೆ ಪುಟಿಯುತ್ತಾ ಇಳಿಯುತ್ತವೆ. ನಡುವಿನ ತೂತಿಗೆ ಹತ್ತಾರು ಗುಂಡು ಬಿದ್ದವು. ಪ್ರತಿ ಸಲವೂ ಪರದೆಯ ಮೇಲೆ ಅಂಕಿಗಳು ತಿರುಗಿ ನಿಂತವು, ಮತ್ತೇನೂ ಆಗಲಿಲ್ಲ. ನಾಲ್ಕು ನಿಮಿಷದಲ್ಲಿ ಎಲ್ಲವೂ ಮುಗಿಯಿತು. ಪಕ್ಕದಲ್ಲಿದ್ದವರ ಕಾಲ ಬಳಿ ಮಾತ್ರ ಗುಂಡು ತುಂಬಿದ ಐದು ಪೆಟ್ಟಿಗೆಗಳಿದ್ದವು. ಅವರು ಅವನ್ನು ಗಲ್ಲಾದಲ್ಲಿ ಕೊಟ್ಟು, ಪ್ಲಾಸ್ಟಿಕ್ಕಿನಲ್ಲಿ ಭದ್ರ ಮಾಡಿದ ಪುಟ್ಟ ಚೂರುಗಳನ್ನು ಪಡೆದು, ಹಿಂದಿನ ಓಣಿಯ ಒಂದು ಕಿಂಡಿಗೆ ಹೋಗಿ ನೋಟು ಎಣಿಸಿಕೊಂಡರು.

ನಾನು ಕೇಳುತ್ತಿರುವುದಕ್ಕೆ ಕಾರಣವಿದೆ. ನನ್ನ ಜೊತೆ ಮನೆ ಹಂಚಿಕೊಂಡಿರುವ ಗೆಳೆಯ ಹಾವೇರಿ ಕಡೆಯವನು. ಮೂರು ತಿಂಗಳಿಂದ ದಿನಾ ಸಂಜೆ ಅಲ್ಲಿಗೇ ಹೋಗುತ್ತಾನೆ. ಕಳೆದ ತಿಂಗಳು ಊರಿಗೆ ಹಣ ಕಳುಹಿಸಲಿಲ್ಲ. ಕೇಳಿದರೆ "ಇದು ಜೂಜಲ್ಲ, ಮೊಳೆ ಓದುವ ವಿದ್ಯೆ" ಎನ್ನುತ್ತಾನೆ. ಅವನ ಮಾತಿನಲ್ಲಿ ಎಷ್ಟು ಸತ್ಯವಿದೆ?

ತುಂಗಾತೀರ

ನಿಮ್ಮ ಗೆಳೆಯ ಹೇಳುವುದು ಸರಿಯಾಗಿಯೇ ಇದೆ. ಕೇರಂ ಆಡುವವನಿಗೆ ಕೋನ ಗೊತ್ತಿರುವಂತೆ ಇದಕ್ಕೂ ಕೈಯ ಹದ ಬೇಕು. ಹಿಡಿಕೆಯನ್ನು ಎಷ್ಟು ತಿರುಗಿಸಬೇಕೆಂದು ಅರಿತವನು ಗೆಲ್ಲುತ್ತಾನೆ.

ಯಂತ್ರಪಾಠ

ತುಂಗಾತೀರ ಅವರೇ, ಅದು ಐವತ್ತು ವರ್ಷ ಹಿಂದಿನ ಪಚಿಂಕೋಗೆ ಒಪ್ಪುವ ಮಾತು. ಈಗಿನದಕ್ಕೆ ಅಲ್ಲ. ನಾನು ಗುನ್ಮಾ ಪ್ರಾಂತ್ಯದಲ್ಲಿ ಆರು ವರ್ಷ ಇದ್ದೆ. ಪಚಿಂಕೋ ಯಂತ್ರ ತಯಾರಿಕೆಗೆ ಹೆಸರಾದ ಕಿರಿಯೂ ಪಟ್ಟಣ ಇರುವುದು ಅಲ್ಲಿಯೇ. ಆಟದ ಹುಚ್ಚು ನನಗಿರಲಿಲ್ಲ, ಯಂತ್ರದ ಹುಚ್ಚಿತ್ತು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಗುಂಡಿನ ಅಡ್ಡಳತೆ 11 ಮಿಲಿಮೀಟರ್, ತೂಕ ಐದೂವರೆ ಗ್ರಾಂನ ಆಸುಪಾಸು. ಹಿಡಿಕೆ ತಿರುಗಿಸಿದಷ್ಟೂ ಹೊಡೆತದ ಬಲ ಹೆಚ್ಚುತ್ತದೆ. ಆದರೆ ವೇಗ ನಿಮ್ಮ ಕೈಯಲ್ಲಿಲ್ಲ. ನಿಮಿಷಕ್ಕೆ 100 ಗುಂಡು ಮೀರಬಾರದೆಂದು ನಿಯಮವೇ ಇದೆ. ಹಲಗೆಯ ಮೇಲೆ ನೂರಾರು ಹಿತ್ತಾಳೆ ಮೊಳೆಗಳು, ಅಲ್ಲಲ್ಲಿ ಪುಟ್ಟ ಗಾಳಿಗಿರಗಿಟ್ಟೆಗಳು. ಬಹುಪಾಲು ಗುಂಡುಗಳು ಎಲ್ಲಿಯೂ ಸಿಕ್ಕಿಕೊಳ್ಳದೆ ತಳದ ತೂತಿಗೆ ಹೋಗಿ ಮಾಯವಾಗುತ್ತವೆ. ನಡುವೆ, ಪರದೆಯ ಕೆಳಗೆ, ಒಂದು ಸಣ್ಣ ಬಾಯಿ ಇದೆ. ಅದನ್ನು ಜಪಾನೀಯರು "ಹೆಸೊ" ಎನ್ನುತ್ತಾರೆ, ಎಂದರೆ ಹೊಕ್ಕುಳು. ಆಟದ ಗುಟ್ಟೆಲ್ಲ ಅಲ್ಲಿದೆ.

ಗುಂಡು ಹೊಕ್ಕುಳಿಗೆ ಬಿದ್ದ ಆ ಕ್ಷಣದಲ್ಲೇ ಒಳಗಿನ ವಿದ್ಯುನ್ಮಂಡಲ ಒಂದು ಸಂಖ್ಯೆಯನ್ನು ಹಿಡಿಯುತ್ತದೆ. 65,536 ಸಂಖ್ಯೆಗಳು ಬಿಡುವಿಲ್ಲದೆ ಸುತ್ತುತ್ತಿರುತ್ತವೆ ಎಂದುಕೊಳ್ಳಿ. ಅವುಗಳಲ್ಲಿ 205 ಮಾತ್ರ ಗೆಲ್ಲುವ ಸಂಖ್ಯೆಗಳಾಗಿದ್ದರೆ, ಅದು ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ "319ಕ್ಕೆ ಒಂದು" ಯಂತ್ರ. ಪರದೆಯಲ್ಲಿ ಅಂಕಿ ತಿರುಗಲು ಶುರುವಾಗುವ ಮೊದಲೇ ತೀರ್ಪು ಬರೆದಾಗಿರುತ್ತದೆ. ಎರಡು ಏಳು ನಿಂತು ಮೂರನೆಯದು ಬರುತ್ತದೋ ಇಲ್ಲವೋ ಎಂದು ಒಂದು ನಿಮಿಷ ಕಾಯಿಸುತ್ತದಲ್ಲ, ಅದಕ್ಕೆ "ರೀಚಿ" ಎಂದು ಹೆಸರು. ಮಾಜಾಂಗ್ ಎಂಬ ಬಿಲ್ಲೆಗಳ ಆಟದಿಂದ ಬಂದ ಪದ. ಸಂಗೀತ, ಕುದುರೆ ಸವಾರರು, ಮಿಂಚುವ ದೀಪ, ನಡುಗುವ ಗುಂಡಿ ಇವೆಲ್ಲ ಆಗಲೇ ಮುಗಿದುಹೋದ ಚೀಟಿ ಎತ್ತುವಿಕೆಯ ಮೇಲೆ ಕಟ್ಟಿದ ನಾಟಕ. ಪರದೆ ತಿರುಗುತ್ತಿರುವಾಗ ಬಿದ್ದ ಗುಂಡುಗಳು ವ್ಯರ್ಥವಲ್ಲ, ನಾಲ್ಕು ಸರದಿಗಳವರೆಗೆ ಕಾದಿಡುತ್ತದೆ.

ಗೆದ್ದರೆ ಮಾತ್ರ ಕೆಳಗಿನ ಅಗಲವಾದ ಬಾಗಿಲು ತೆರೆಯುತ್ತದೆ. ಅದರೊಳಗೆ ಬಿದ್ದ ಒಂದೊಂದು ಗುಂಡಿಗೂ ಹತ್ತು ಹದಿನೈದು ಗುಂಡು ವಾಪಸ್ಸು. ಆಮೇಲೆ ಕೆಲವು ಸಲ "ಕಕುಹೆನ್" ಎಂಬ ಸ್ಥಿತಿ ಬರುತ್ತದೆ. ಆಗ ಗೆಲ್ಲುವ ಸಾಧ್ಯತೆ ಹಲವು ಪಟ್ಟು ಏರುತ್ತದೆ, ಗೆಲುವಿನ ಮೇಲೆ ಗೆಲುವು ಬರಬಹುದು. ನಿಮ್ಮ ಪಕ್ಕದವರ ಐದು ಪೆಟ್ಟಿಗೆ ಬಹುಶಃ ಹಾಗೆ ತುಂಬಿದ್ದು.

ನಗೋಯಾದ ಹೊಸಬ

ಅಂದರೆ ನಾನು ಪರದೆಯನ್ನೇ ನೋಡುತ್ತಾ ಹಿಡಿಕೆಯನ್ನು ಹಿಂದೆ ಮುಂದೆ ಮಾಡಿದ್ದೆಲ್ಲ ಫಲಿತಾಂಶಕ್ಕೆ ಸಂಬಂಧವೇ ಇಲ್ಲದ್ದೇ?

ಯಂತ್ರಪಾಠ

ಪರದೆಯ ಫಲಿತಾಂಶಕ್ಕೆ ಸಂಬಂಧವಿಲ್ಲ. ಹೊಕ್ಕುಳಿಗೆ ಎಷ್ಟು ಗುಂಡು ಬೀಳುತ್ತವೆ ಎಂಬುದಕ್ಕೆ ಸ್ವಲ್ಪ ಇದೆ. ಗುಂಡು ಎಡ ಮೇಲ್ಮೂಲೆಯ ಒಂದು ನಿಗದಿತ ಜಾಗಕ್ಕೆ ಬೀಳುವಂತೆ ಹಿಡಿಕೆ ನಿಲ್ಲಿಸಿದರೆ ಆಯಿತು. ಅದನ್ನು ಅರ್ಧ ಗಂಟೆಯಲ್ಲಿ ಯಾರು ಬೇಕಾದರೂ ಕಲಿಯುತ್ತಾರೆ.

ಕಡಲ ಹಳಬ

ಇದನ್ನು ಓದಿ ಮನಸ್ಸಿಗೆ ಬೇಸರವಾಯಿತು. ನಾನು ಕಾರವಾರದವನು, ಸರಕು ಹಡಗಿನಲ್ಲಿದ್ದವನು. 1972ರಲ್ಲಿ ಕೋಬೆ ಬಂದರಿನಲ್ಲಿ ಹನ್ನೊಂದು ದಿನ ಲಂಗರು ಹಾಕಿದ್ದೆವು. ಆಗ ನಾನು ಆಡಿದ ಪಚಿಂಕೋದಲ್ಲಿ ಪರದೆಯೂ ಇರಲಿಲ್ಲ, ಏಳೇಳೇಳೂ ಇರಲಿಲ್ಲ. ಹೆಬ್ಬೆರಳಿನಿಂದ ಸನ್ನೆಯನ್ನು ಒತ್ತಿ ಬಿಡಬೇಕಿತ್ತು. ಪ್ರತಿ ಗುಂಡಿಗೂ ಒಂದು ಒತ್ತು. ಸಂಜೆಯ ಹೊತ್ತಿಗೆ ಬೆರಳು ಊದಿಕೊಳ್ಳುತ್ತಿತ್ತು.

ಹಲಗೆಯ ಮೇಲೆ "ಟುಲಿಪ್" ಎಂಬ ಹೂವಿನಾಕಾರದ ಬಾಯಿಗಳಿದ್ದವು. ಒಂದು ಗುಂಡು ಒಳಗೆ ಹೋದರೆ ದಳಗಳು ಅರಳುತ್ತಿದ್ದವು. ಅರಳಿದಾಗ ಇನ್ನೊಂದನ್ನು ಕೂರಿಸುವುದು ಸುಲಭ, ಅದು ಹೋದ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಎಲ್ಲವೂ ಕಣ್ಣೆದುರಿಗೇ ನಡೆಯುತ್ತಿತ್ತು. ಗೆದ್ದದ್ದು ಏಕೆ, ಸೋತದ್ದು ಏಕೆ ಎಂದು ಗಾಜಿನ ಹಿಂದೆ ಕಾಣುತ್ತಿತ್ತು. ಧ್ವನಿವರ್ಧಕದಲ್ಲಿ ನೌಕಾಪಡೆಯ ಹಳೆಯ ಪಥಸಂಚಲನ ಗೀತೆ ಮೊಳಗುತ್ತಿತ್ತು. ನಾನು ಗೆದ್ದದ್ದು ಎರಡು ಪ್ಯಾಕ್ ಸಿಗರೇಟು, ಒಂದು ಚಾಕೊಲೇಟ್ ಡಬ್ಬಿ. ಡಬ್ಬಿಯನ್ನು ಮನೆಗೆ ತಂದೆ. ಅದರಲ್ಲಿ ನಮ್ಮ ಅಮ್ಮ ಇಪ್ಪತ್ತು ವರ್ಷ ಏಲಕ್ಕಿ ತುಂಬಿಟ್ಟಿದ್ದರು.

ಮಲ್ಲಿಗೆಹಂಬು

ಏಲಕ್ಕಿ ಡಬ್ಬಿಯ ಮಾತು ಓದಿ ಕಣ್ಣು ತುಂಬಿತು, ಹಿರಿಯರೇ.

ಹಳೆಕಡತ

ಕಡಲ ಹಳಬರು ಹೇಳಿದ ಟುಲಿಪ್ ಬಂದದ್ದು 1960ರಲ್ಲಿ. ಅಂಕಿ ತಿರುಗುವ ಯಂತ್ರಗಳ ಯುಗ ಆರಂಭವಾದದ್ದು 1980ರಲ್ಲಿ, ಕಿರಿಯೂವಿನ ಸಾಂಕ್ಯೋ ಕಂಪನಿಯ "ಫೀವರ್" ಯಂತ್ರದಿಂದ. ಮೂರು ಏಳು ಬಂದರೆ ಬಾಗಿಲು ತೆರೆಯುವ ರೂಢಿ ಅಲ್ಲಿಂದ ಹಬ್ಬಿತು. ಬೆರಳಿನ ಆಟ ಚೀಟಿಯ ಆಟವಾದದ್ದು ಆಗ.

ಹೊಸಬರೇ, ನೀವಿರುವ ಊರೇ ಇದರ ತವರು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದಿಂದ ಬಂದ "ಕೊರಿಂಥಿಯನ್" ಎಂಬ ಓರೆಹಲಗೆಯ ಮಕ್ಕಳಾಟ ಇದರ ಪೂರ್ವಜ ಎನ್ನುತ್ತಾರೆ. ಜಪಾನಿನಲ್ಲಿ ಅಂಗಡಿಯ ಜಾಗ ಸಾಲದೆ ಹಲಗೆಯನ್ನು ನೆಟ್ಟಗೆ ನಿಲ್ಲಿಸಿದರು. ಹೆಸರು ಬಂದದ್ದು "ಪಚಿನ್" ಎಂಬ ಸದ್ದಿನಿಂದ, ನಾವು "ಚಟ್ ಎಂದಿತು" ಎನ್ನುತ್ತೇವಲ್ಲ ಹಾಗೆ. ಜಪಾನಿನಲ್ಲಿ ಮಕ್ಕಳ ಕವಣೆಗೂ ಇದೇ ಹೆಸರು. ಯುದ್ಧಕಾಲದಲ್ಲಿ ಆಟ ನಿಂತಿತು. ಯುದ್ಧ ಮುಗಿದ ಮೇಲೆ ನಗೋಯಾದಲ್ಲಿ ಮಸಮುರ ತಾಕೇಇಚಿ ಎಂಬವರು ಮೊಳೆಗಳ ವಿನ್ಯಾಸವನ್ನೇ ಬದಲಿಸಿದರು. ಅದಕ್ಕೆ ಮೊದಲು ಮೊಳೆಗಳು ಹೊಲದ ಸಾಲಿನಂತೆ ಒಂದೇ ಅಂತರದಲ್ಲಿರುತ್ತಿದ್ದವು. ಅವರು ಎಲ್ಲಿ ದಟ್ಟ, ಎಲ್ಲಿ ವಿರಳ, ಎಲ್ಲಿ ಗಿರಗಿಟ್ಟೆ ಎಂದು ಯೋಚಿಸಿ ಹೊಡೆದರು. ಗುಂಡಿನ ಹಾದಿಗೆ ಏರಿಳಿತ ಬಂದದ್ದು ಅದರಿಂದ. "ಮಸಮುರ ಗೇಜ್" ಎಂಬ ಆ ಜೋಡಣೆಯ ನೆರಳು ಈಗಿನ ಯಂತ್ರಗಳಲ್ಲೂ ಇದೆ.

ಸಿಗರೇಟು, ಸಕ್ಕರೆ ತಿಂಡಿ, ಸೋಪು ಸಿಗುವುದೇ ಕಷ್ಟವಾಗಿದ್ದ ದಿನಗಳು ಅವು. ಬಹುಮಾನಕ್ಕೆ ಸಿಗರೇಟು ಇಟ್ಟರೆ ಊರೇ ಬರುತ್ತಿತ್ತು. ಆಮೇಲೆ ಗುಂಡುಗಳನ್ನು ಎಡೆಬಿಡದೆ ಸಿಡಿಸುವ ಯಂತ್ರಗಳು ಬಂದವು. ಜನ ಸಂಬಳ ಕಳೆದುಕೊಂಡರು. 1955ರ ಹೊತ್ತಿಗೆ ಅವನ್ನು ನಿಷೇಧಿಸಿದಾಗ ಅಸಂಖ್ಯ ಅಂಗಡಿಗಳು ಮುಚ್ಚಿದವು.

ತುಂಗಾತೀರ

ಎಲ್ಲವೂ ಸರಿ. ಆದರೆ ನಾನು ಕೇಳುವ ಪ್ರಶ್ನೆಗೆ ಉತ್ತರ ಕೊಡಿ. ಕೇವಲ ಅದೃಷ್ಟವಾದರೆ ಜಪಾನಿನಲ್ಲಿ ಪಚಿಂಕೋ ಆಡಿಯೇ ಜೀವನ ಮಾಡುವವರು ಹೇಗಿದ್ದಾರೆ? ಅವರಿಗೆ "ಪಚಿಪುರೊ" ಎಂದು ಹೆಸರೇ ಇದೆಯಲ್ಲ?

ಲೆಕ್ಕದ ಮೇಷ್ಟರು

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಮೊಳೆಯಲ್ಲಿದೆ, ಆದರೆ ಹೊಸಬರ ಗೆಳೆಯರು ಅಂದುಕೊಂಡ ರೀತಿಯಲ್ಲಿ ಅಲ್ಲ. ಕಾಗದ ಪೆನ್ನು ತೆಗೆದುಕೊಳ್ಳಿ.

ಒಂದು ಗುಂಡಿಗೆ 4 ಯೆನ್. 1,000 ಯೆನ್‌ಗೆ 250 ಗುಂಡು. ಅವುಗಳಲ್ಲಿ 18 ಹೊಕ್ಕುಳಿಗೆ ಬಿದ್ದವು ಎಂದುಕೊಳ್ಳೋಣ. ಹಾಗೆ ನೋಡಿದರೆ 1,000 ಯೆನ್ ಕೊಟ್ಟು ನೀವು ಕೊಂಡದ್ದು 18 ಲಾಟರಿ ಚೀಟಿ. ಸರಾಸರಿ 319.7 ಚೀಟಿಗೆ ಒಂದು ಗೆಲುವು ಎಂದರೆ ಮೊದಲ ಗೆಲುವಿಗೆ ಸರಾಸರಿ 17,800 ಯೆನ್ ಹೋಗುತ್ತದೆ. ಅದನ್ನು ಗುಂಡಿಗೆ ಪರಿವರ್ತಿಸಿದರೆ 4,440. 2018ರ ನಿಯಮದ ಪ್ರಕಾರ ಒಂದು ದೊಡ್ಡ ಗೆಲುವಿನಲ್ಲಿ ಹೆಚ್ಚೆಂದರೆ 1,500 ಗುಂಡು ಬರುತ್ತವೆ, ಮೊದಲು 2,400ರವರೆಗೆ ಇತ್ತು. ಹೀಗಾಗಿ ಒಂದೇ ಗೆಲುವಿನಿಂದ ಹಾಕಿದ ಹಣ ಮರಳುವುದಿಲ್ಲ. ಕಕುಹೆನ್ ಸಿಕ್ಕಿ, ಸರಣಿ ಬಂದು, ಸರಾಸರಿ 4,440 ಮೀರಬೇಕು.

ಈಗ ಮೊಳೆಗೆ ಬರೋಣ. ಹೊಕ್ಕುಳಿನ ಮೇಲಿರುವ ಎರಡು ಮೊಳೆಗಳ ನಡುವಿನ ಅಂತರ ಕೂದಲೆಳೆಯಷ್ಟು ಕಿರಿದಾದರೂ 18 ಚೀಟಿಯ ಬದಲು 15 ಚೀಟಿ ಸಿಗುತ್ತದೆ. ಆಗ ಮೊದಲ ಗೆಲುವಿಗೆ ಸರಾಸರಿ 21,300 ಯೆನ್. ಯಂತ್ರದ ಒಳಗಿನ ಲೆಕ್ಕ ಬದಲಾಗಲೇ ಇಲ್ಲ, ಚೀಟಿಯ ಬೆಲೆ ಏರಿತು. ಪಚಿಪುರೊಗಳು ಮಾಡುವುದು ಇಷ್ಟೆ: ಒಂದು ಯಂತ್ರಕ್ಕೆ 1,000 ಯೆನ್‌ಗೆ ಎಷ್ಟು ಸುತ್ತು (ಪರದೆಯ ಅಂಕಿ ಒಂದು ಸಲ ತಿರುಗುವುದು, ಅಂದರೆ ಒಂದು ಚೀಟಿ) ಬಂದರೆ ಲಾಭನಷ್ಟ ಸಮ ಎಂದು ಲೆಕ್ಕ ಹಾಕಿಕೊಂಡಿರುತ್ತಾರೆ. ಅದನ್ನು "ಬಾರ್ಡರ್" ಎನ್ನುತ್ತಾರೆ. ಬಾರ್ಡರ್‌ಗಿಂತ ಹೆಚ್ಚು ಸುತ್ತು ಕೊಡುವ ಯಂತ್ರ ಸಿಕ್ಕಿದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಅದರ ಮುಂದೆಯೇ ಕೂರುತ್ತಾರೆ. ಸಿಗದಿದ್ದರೆ ಎದ್ದು ಮನೆಗೆ ಹೋಗುತ್ತಾರೆ. ಅವರ ವಿದ್ಯೆಯಲ್ಲಿ ಮುಖ್ಯವಾದದ್ದು ಎದ್ದು ಹೋಗುವುದು. ಮೂರು ತಿಂಗಳಿಂದ ಪ್ರತಿದಿನ ಸಂಜೆ ಅದೇ ಅಂಗಡಿಗೆ ಹೋಗುವವರು ಮೊಳೆ ಓದುತ್ತಿದ್ದಾರೆ ಎಂದು ನಾನು ನಂಬುವುದಿಲ್ಲ.

ಬೇರುಹಲಸು

ಮೊಳೆಯನ್ನು ಅಂಗಡಿಯವರು ಬಗ್ಗಿಸಬಹುದೇ? ಅದು ಮೋಸವಲ್ಲವೇ?

ಯಂತ್ರಪಾಠ

ಬಹಳ ಸೂಕ್ಷ್ಮವಾದ ವಿಷಯ. ಪ್ರತಿ ಮಾದರಿಯ ಯಂತ್ರವನ್ನೂ ಪರೀಕ್ಷಾ ಸಂಸ್ಥೆ ತಪಾಸಣೆ ಮಾಡಿ ಒಪ್ಪಿಗೆ ಕೊಡಬೇಕು. ಒಪ್ಪಿಗೆ ಪಡೆದ ಸ್ಥಿತಿಯನ್ನು ಬದಲಿಸಕೂಡದು ಎಂದು ಕಾನೂನು ಹೇಳುತ್ತದೆ. ಆದರೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಸಣ್ಣ ಸುತ್ತಿಗೆ, ಅಳತೆಯ ಗುಂಡು ಹಿಡಿದು ಒಂದೊಂದೇ ಯಂತ್ರದ ಮುಂದೆ ನಿಲ್ಲುವ "ಕುಗಿಶಿ" ಎಂಬ ಮೊಳೆಗಾರರ ವೃತ್ತಿ ದಶಕಗಳಿಂದ ಇದೆ. ಗುಂಡುಗಳ ಹೊಡೆತಕ್ಕೆ ಮೊಳೆ ಬಾಗುತ್ತದೆ, ಅದನ್ನು ಸರಿಪಡಿಸುವ ನಿರ್ವಹಣೆ ಇದು ಎನ್ನುವುದು ಅವರ ವಾದ. 2015-16ರಲ್ಲಿ ಈ ವಿಷಯ ದೊಡ್ಡದಾಯಿತು. ಅಂಗಡಿಯಲ್ಲಿದ್ದ ಯಂತ್ರಗಳು ಒಪ್ಪಿಗೆ ಪಡೆದ ಮಾದರಿಯಂತೆ ಇಲ್ಲ ಎಂದು ಪತ್ತೆಯಾಗಿ, ಬಹಳಷ್ಟು ಯಂತ್ರಗಳನ್ನು ತೆಗೆಸಿದರು.

ಕಪ್ಪುಮಣ್ಣು

ನನ್ನ ಅನುಭವ ಬೇರೆ. ನಾನು ತರಬೇತಿಗೆಂದು ಹಮಮತ್ಸುನಲ್ಲಿ ಒಂದು ವರ್ಷ ಇದ್ದೆ. ಪ್ರತಿ ಯಂತ್ರದ ತಲೆಯ ಮೇಲೆ ಒಂದು ಫಲಕವಿರುತ್ತದೆ, ಕಳೆದ ಗೆಲುವಿನ ನಂತರ ಎಷ್ಟು ಸುತ್ತು ಆಗಿದೆ ಎಂದು ತೋರಿಸುತ್ತದೆ. 800, 900 ಸುತ್ತು ಖಾಲಿ ಹೋದ ಯಂತ್ರವನ್ನು ಹುಡುಕಿ ಕುಳಿತರೆ ಬೇಗ ಬರುತ್ತದೆ. ನನಗೆ ಎರಡು ಸಲ ಬಂದಿದೆ. ಹಣ್ಣು ಮಾಗಿದ ಮೇಲೆ ಉದುರಲೇಬೇಕು.

ಲೆಕ್ಕದ ಮೇಷ್ಟರು

ಕಪ್ಪುಮಣ್ಣು ಅವರೇ, ದಯವಿಟ್ಟು ಕೋಪಿಸಿಕೊಳ್ಳಬೇಡಿ, ಇದು ತಪ್ಪು. ಈ ತಪ್ಪಿನಿಂದಲೇ ಹೆಚ್ಚು ಜನ ಹಾಳಾಗುವುದು. ಹಣ್ಣಿಗೆ ತನ್ನ ವಯಸ್ಸು ಗೊತ್ತಿದೆ, ಯಂತ್ರಕ್ಕೆ ಗೊತ್ತಿಲ್ಲ. ಪ್ರತಿ ಚೀಟಿಯೂ ಹೊಸದು. 900 ಸುತ್ತು ಖಾಲಿ ಹೋದ ಯಂತ್ರಕ್ಕೂ ಈಗತಾನೇ ಗೆದ್ದು ಮುಗಿಸಿದ ಯಂತ್ರಕ್ಕೂ ಮುಂದಿನ ಗುಂಡಿನ ಸಾಧ್ಯತೆ ಒಂದೇ, 65,536ರಲ್ಲಿ 205.

"319ಕ್ಕೆ ಒಂದು" ಎಂದರೆ 319 ಸುತ್ತಿನೊಳಗೆ ಬರಲೇಬೇಕು ಎಂದಲ್ಲ. 319 ಸುತ್ತು ಆಡಿದ ನೂರು ಜನರಲ್ಲಿ ಸುಮಾರು 37 ಜನ ಬರಿಗೈಯಲ್ಲಿ ಇರುತ್ತಾರೆ. 1,000 ಸುತ್ತಿನವರೆಗೂ ಏನೂ ಬಾರದವರು 23 ಜನರಿಗೆ ಒಬ್ಬರು. ನೂರಾರು ಯಂತ್ರಗಳಿರುವ ಅಂಗಡಿಯಲ್ಲಿ ದಿನವೂ ಅಂಥವರು ಹಲವರು ಸಿಗುತ್ತಾರೆ. 1,000 ಸುತ್ತಿಗೆ ಸುಮಾರು 55,000 ಯೆನ್ ಆಗುತ್ತದೆ. ಆ ಸ್ಥಿತಿಗೆ ಜಪಾನಿಯಲ್ಲಿ "ಹಮಾರಿ" ಎನ್ನುತ್ತಾರಂತೆ, ಸಿಕ್ಕಿಬೀಳುವುದು ಎಂಬ ಅರ್ಥದಲ್ಲಿ. "ಇಷ್ಟು ಹಾಕಿದ್ದೇನೆ, ಈಗ ಎದ್ದರೆ ಹಿಂದೆ ಕೂರುವವನಿಗೆ ಸಿಗುತ್ತದೆ" ಎಂಬ ಯೋಚನೆ ಬಂತೆಂದರೆ ಆ ಫಲಕ ತನ್ನ ಕೆಲಸ ಮಾಡಿತು ಎಂದೇ ಅರ್ಥ.

ಕಪ್ಪುಮಣ್ಣು

ಕೋಪವೇನಿಲ್ಲ. ಎರಡು ಸಲ ಬಂದದ್ದು ನೆನಪಿದೆ, ಬಾರದೆ ಎದ್ದದ್ದು ಎಷ್ಟು ಸಲ ಎಂದು ಈಗ ನೆನಪಿಸಿಕೊಂಡರೆ ಎಣಿಕೆಗೆ ಸಿಗುತ್ತಿಲ್ಲ. ನಿಮ್ಮ ಲೆಕ್ಕವನ್ನು ಒಪ್ಪುತ್ತೇನೆ.

ಮಲ್ಲಿಗೆಹಂಬು

ಓಣಿಯ ಕಿಂಡಿಯ ಬಗ್ಗೆ ಯಾರೂ ಹೇಳಲಿಲ್ಲ. ಜಪಾನಿನಲ್ಲಿ ಜೂಜು ನಿಷೇಧ ಎಂದು ಕೇಳಿದ್ದೆ. ಹಾಗಾದರೆ ಇದು ಹೇಗೆ ನಡೆಯುತ್ತದೆ?

ಕರಿಕೋಟು

ನನ್ನ ವೃತ್ತಿ ಬೆಂಗಳೂರಿನಲ್ಲಿ ವಕೀಲಿಕೆ. ಈ ವಿಷಯದ ಮೇಲೆ ಆಸಕ್ತಿಯಿಂದ ಓದಿದ್ದೇನೆ.

ಜಪಾನಿನ 1907ರ ದಂಡಸಂಹಿತೆಯ 185 ಮತ್ತು 186ನೆಯ ವಿಧಿಗಳ ಪ್ರಕಾರ ಜೂಜು ಅಪರಾಧ. ಕುದುರೆ, ದೋಣಿ, ಸೈಕಲ್, ಮೋಟಾರ್‌ಸೈಕಲ್ ಪಂದ್ಯಗಳಿಗೂ ಲಾಟರಿಗೂ ಬೇರೆ ಬೇರೆ ಕಾನೂನುಗಳಿಂದ ವಿನಾಯಿತಿ ಇದೆ. ಪಚಿಂಕೋ ಆ ಪಟ್ಟಿಯಲ್ಲಿಲ್ಲ. ಅದು 1948ರ ಮನರಂಜನಾ ವ್ಯವಹಾರಗಳ ಕಾನೂನಿನ ಅಡಿಯಲ್ಲಿ, ಪೊಲೀಸ್ ವ್ಯವಸ್ಥೆಯ ಅನುಮತಿಯಿಂದ ನಡೆಯುವ "ಆಟ". ಅಂಗಡಿಯವರು ಗೆದ್ದವರಿಗೆ ಹಣ ಕೊಡುವಂತಿಲ್ಲ, ತಾವು ಕೊಟ್ಟ ಬಹುಮಾನವನ್ನು ತಾವೇ ಹಿಂದಕ್ಕೆ ಕೊಳ್ಳುವಂತಿಲ್ಲ.

ಅದಕ್ಕೇ "ಸಾಂತೆನ್ ಹೋಶಿಕಿ" ಹುಟ್ಟಿದ್ದು. ಮೂರು ಅಂಗಡಿಗಳ ಪದ್ಧತಿ ಎಂದು ಅರ್ಥ. ಮೊದಲನೆಯ ಅಂಗಡಿ ಗುಂಡಿಗೆ ಬದಲಾಗಿ ವಿಶೇಷ ಬಹುಮಾನ ಕೊಡುತ್ತದೆ. ಟೋಕಿಯೊದಲ್ಲಿ ಅದು ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿನ ನಿಜವಾದ ಚಿನ್ನದ ಪುಟ್ಟ ಚೂರು. ಎರಡನೆಯದು ಓಣಿಯ ಕಿಂಡಿ, ಹಳೆಯ ವಸ್ತು ಕೊಳ್ಳುವ ಅಂಗಡಿಯಂತೆ ಆ ಚೂರನ್ನು ಹಣಕ್ಕೆ ಕೊಳ್ಳುತ್ತದೆ. ಮೂರನೆಯದು ಸಗಟು ವ್ಯಾಪಾರಿ, ಕಿಂಡಿಯಿಂದ ಕೊಂಡು ಮತ್ತೆ ಮೊದಲನೆಯ ಅಂಗಡಿಗೆ ಮಾರುತ್ತಾನೆ. ಕಾಗದದ ಮೇಲೆ ಮೂವರಿಗೂ ಸಂಬಂಧವಿಲ್ಲ. ಚಿನ್ನದ ಚೂರು ಸುತ್ತುತ್ತಲೇ ಇರುತ್ತದೆ.

ಬೇರುಹಲಸು

ಕಣ್ಣಿಗೆ ಮಣ್ಣೆರಚುವುದು ಎಂದರೆ ಇದೇ. ಎಲ್ಲರಿಗೂ ಗೊತ್ತಿದೆ, ಪೊಲೀಸರಿಗೂ ಗೊತ್ತಿದೆ. ಕಾನೂನಿಗೆ ಮರ್ಯಾದೆ ಇರುವ ದೇಶ ಇದನ್ನು ಹೇಗೆ ಸಹಿಸುತ್ತದೆ? ನನಗೆ ಸಿಟ್ಟು ಬರುತ್ತದೆ.

ಹಳೆಕಡತ

ಸಿಟ್ಟು ನ್ಯಾಯವೇ, ಆದರೆ ಮೂಲ ತಿಳಿದಿರಲಿ. ಬಹುಮಾನದ ಸಿಗರೇಟನ್ನು ಅಂಗಡಿಯ ಹೊರಗೆ ಕೊಂಡು ಹಣ ಕೊಡುವ ದಂಧೆ ಯಾಕುಜಾ ಎಂಬ ಪಾತಕಿ ಗುಂಪುಗಳ ಕೈಯಲ್ಲಿತ್ತು, ಜಗಳ ರಕ್ತಪಾತ ಆಗುತ್ತಿತ್ತು. 1960ರ ದಶಕದ ಆರಂಭದಲ್ಲಿ ಒಸಾಕಾದಲ್ಲಿ ಆ ಗುಂಪುಗಳನ್ನು ಹೊರಗಿಡಲೆಂದು ರೂಪಿಸಿದ್ದು ಈ ಪದ್ಧತಿ. ಕಿಂಡಿಯ ಕೆಲಸ ಯುದ್ಧದಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಂಗಸರಿಗೆ ಅನ್ನ ಕೊಡಲಿ ಎಂಬ ಆಶಯವೂ ಇತ್ತು.

ಇನ್ನೊಂದು ವಿಷಯ. ಈ ಅಂಗಡಿಗಳ ಮಾಲೀಕರಲ್ಲಿ ಬಹಳಷ್ಟು ಮಂದಿ ಜಪಾನಿನಲ್ಲಿ ನೆಲೆಸಿದ ಕೊರಿಯನ್ನರು. 1952ರಲ್ಲಿ ಅವರು ಜಪಾನೀ ಪೌರತ್ವ ಕಳೆದುಕೊಂಡರು. ಸರ್ಕಾರಿ ಕೆಲಸಕ್ಕೆ ಬಾಗಿಲು ಮುಚ್ಚಿತು, ಕಂಪನಿಗಳು ಸೇರಿಸಿಕೊಳ್ಳುತ್ತಿರಲಿಲ್ಲ. ಗುಜರಿ, ಮಾಂಸದ ಹೋಟೆಲು, ಪಚಿಂಕೋ, ಅವರಿಗೆ ಉಳಿದ ದಾರಿಗಳು ಇಂಥವು. ದೊಡ್ಡ ಜಾಲಗಳಲ್ಲಿ ಒಂದಾದ ಮಾರುಹಾನ್ ಸ್ಥಾಪಿಸಿದ ಹಾನ್ ಚಾಂಗ್-ಊ ಕೊರಿಯಾದಲ್ಲಿ ಹುಟ್ಟಿದವರು. ಪಚಿಂಕೋವನ್ನು ಬೈಯುವ ಬಾಯಿಗಳು ಕೆಲವು ಸಲ ಆ ಜನರನ್ನು ಬೈಯುವುದಕ್ಕೆ ಇದನ್ನು ನೆಪ ಮಾಡಿಕೊಳ್ಳುತ್ತವೆ. ನಾವು ಆ ದಾರಿ ಹಿಡಿಯಬಾರದು.

ಬೇರುಹಲಸು

ಒಪ್ಪಿದೆ. ನನ್ನ ಸಿಟ್ಟು ಪದ್ಧತಿಯ ಮೇಲೆ, ಜನರ ಮೇಲಲ್ಲ.

ತುಂಗಾತೀರ

ನಮ್ಮಲ್ಲೂ ಹೀಗೆಯೇ ಅಲ್ಲವೇ? 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಂತಿತು, ಕುದುರೆ ಪಂದ್ಯ ನಡೆಯುತ್ತಲೇ ಇದೆ.

ಕರಿಕೋಟು

ಕುದುರೆ ಪಂದ್ಯದಲ್ಲಿ ಕೌಶಲವೇ ಹೆಚ್ಚು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ನಮ್ಮ ಕಾನೂನು ಕೇಳುವುದು "ಕೌಶಲವೋ ಅದೃಷ್ಟವೋ" ಎಂದು. ಪಚಿಂಕೋ ವಿಷಯದಲ್ಲಿ ಮುಖ್ಯವಾಗುವುದು "ಹಣ ಕೊಟ್ಟವರು ಯಾರು" ಎಂಬುದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಮುಂದುವರಿಸಬೇಕೆಂದರೆ ಬೇರೆ ಚರ್ಚೆ ಆರಂಭಿಸೋಣ, ಇಲ್ಲಿ ಹೊಸಬರ ಗೆಳೆಯರ ವಿಷಯ ಕೈತಪ್ಪುತ್ತದೆ.

ಒಸಾಕಾದ ಅಡುಗೆಮನೆ

ನಾನು ಹದಿನಾಲ್ಕು ವರ್ಷದಿಂದ ಒಸಾಕಾದಲ್ಲಿದ್ದೇನೆ. ನೀವೆಲ್ಲ ಯಂತ್ರ, ಕಾನೂನು ಎನ್ನುತ್ತಿದ್ದೀರಿ. ನನಗೆ ಪಚಿಂಕೋ ಎಂದರೆ ವಾಹನ ನಿಲ್ದಾಣ. ಇಲ್ಲಿ ಪ್ರತಿ ಬೇಸಿಗೆ ಬಂದಾಗಲೂ ಎಚ್ಚರಿಕೆ ಫಲಕ ಹಾಕುತ್ತಾರೆ: ಮಗುವನ್ನು ಕಾರಿನಲ್ಲಿ ಬಿಟ್ಟು ಒಳಗೆ ಹೋಗಬೇಡಿ ಎಂದು. "ಐದೇ ನಿಮಿಷ" ಎಂದು ಒಳಗೆ ಹೋದವರಿಗೆ ಹೊತ್ತು ಹೋದದ್ದೇ ತಿಳಿಯದೆ, ಬಿಸಿಲಿಗೆ ಕಾದ ಕಾರಿನಲ್ಲಿ ಮಕ್ಕಳು ಸತ್ತದ್ದಿದೆ. ಒಂದಲ್ಲ, ಹಲವು ಸಲ. ಈಗ ಅಂಗಡಿಯ ಸಿಬ್ಬಂದಿ ಕಾರುಗಳ ಒಳಗೆ ಇಣುಕುತ್ತಾ ಸುತ್ತು ಹಾಕುತ್ತಾರೆ.

ನಮ್ಮ ಕೆಳಮನೆಯ ಅಜ್ಜಿ ಒಬ್ಬರಿದ್ದರು. ಬೆಳಿಗ್ಗೆ ನನಗೆ ಮೂಲಂಗಿ ಉಪ್ಪಿನಕಾಯಿ ಕೊಟ್ಟು ಹೋಗುತ್ತಿದ್ದರು, ಸಂಜೆ ಬರುವಾಗ ಮುಖ ಬೂದಿ ಬಣ್ಣ. ಒಂದು ದಿನ ಏಕೆ ಹೋಗುತ್ತೀರಿ ಎಂದು ಕೇಳಿಯೇ ಬಿಟ್ಟೆ. "ಅಲ್ಲಿ ಯಾರಾದರೂ ಪಕ್ಕದಲ್ಲಿ ಕೂತಿರುತ್ತಾರೆ" ಎಂದರು. ಪಿಂಚಣಿಯೆಲ್ಲ ಅಲ್ಲಿಗೇ ಹೋಯಿತು. ಕೊನೆಗೆ ಮಗ ಬಂದು ಬೇರೆ ಊರಿಗೆ ಕರೆದುಕೊಂಡು ಹೋದ.

ಹೊಸಬರೇ, ನಿಮ್ಮ ಗೆಳೆಯನಿಗೆ ಲೆಕ್ಕ ಹೇಳುವ ಮೊದಲು ಅವನು ಸಂಜೆ ಯಾರೊಂದಿಗೆ ಊಟ ಮಾಡುತ್ತಾನೆ ಎಂದು ನೋಡಿ.

ನಗೋಯಾದ ಹೊಸಬ

ಅಕ್ಕಾ, ನಿಮ್ಮ ಕೊನೆಯ ಮಾತು ನೇರವಾಗಿ ತಾಗಿತು. ನನಗೆ ರಾತ್ರಿ ಪಾಳಿ. ಎರಡು ತಿಂಗಳಿಂದ ನಾವಿಬ್ಬರೂ ಒಟ್ಟಿಗೆ ಕುಳಿತು ಊಟ ಮಾಡಿಲ್ಲ.

ಯಂತ್ರಪಾಠ

ಅಂಗಡಿಗಳಲ್ಲಿ ಸ್ವಯಂ ಘೋಷಣೆಯ ವ್ಯವಸ್ಥೆ ಇದೆ. "ನನಗೆ ದಿನಕ್ಕೆ ಇಷ್ಟೇ ಹಣ" ಎಂದೋ "ನನ್ನನ್ನು ಒಳಗೆ ಬಿಡಬೇಡಿ" ಎಂದೋ ಬರೆದುಕೊಡಬಹುದು. ಮನೆಯವರು ಕೋರುವ ಅವಕಾಶವೂ ಇದೆ. ಎಲ್ಲ ಅಂಗಡಿಗಳಲ್ಲೂ ಇಲ್ಲ, ಗಲ್ಲಾದಲ್ಲಿ ಕೇಳಿ. ಜೂಜಿನ ಚಟದ ವಿರುದ್ಧ 2018ರಲ್ಲಿ ಕಾನೂನು ಬಂದ ಮೇಲೆ ಸ್ಥಳೀಯ ಆಡಳಿತಗಳ ಮಾನಸಿಕ ಆರೋಗ್ಯ ಕೇಂದ್ರಗಳಲ್ಲೂ ಸಲಹೆ ಸಿಗುತ್ತದೆ.

1 ಯೆನ್ ಗುಂಡಿನ ಸಾಲುಗಳೂ ಇವೆ. ಬಿಡಲೇ ಆಗದವರು ಮೊದಲು ಅಲ್ಲಿಗೆ ಬದಲಾಗುತ್ತಾರೆ.

ಲೆಕ್ಕದ ಮೇಷ್ಟರು

ಕೊನೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಚಟ ಹಿಡಿದವರಿಗೆ ಅಗ್ಗದ ಬಾಗಿಲು ತೋರಿಸುವುದು ಸರಿಯಲ್ಲ. ನಷ್ಟ ನಿಧಾನವಾಗುತ್ತದೆ, ಕುರ್ಚಿ ಬಿಟ್ಟು ಏಳುವುದಂತೂ ಇಲ್ಲ.

ಯಂತ್ರಪಾಠ

ನಿಮ್ಮ ಆಕ್ಷೇಪ ಸರಿ. ಆ ಸಾಲನ್ನು ಹಿಂದಕ್ಕೆ ಪಡೆಯುತ್ತೇನೆ.

ಕಪ್ಪುಮಣ್ಣು

ಈ ಉದ್ಯಮವೇ ಕುಗ್ಗುತ್ತಿದೆಯಂತೆ, ನಿಜವೇ?

ಹಳೆಕಡತ

ನಿಜ. 1990ರ ದಶಕದ ಮಧ್ಯದಲ್ಲಿ ಸುಮಾರು 18,000 ಅಂಗಡಿಗಳಿದ್ದವು, 2023ರ ಕೊನೆಗೆ ಸುಮಾರು 7,000. ಗುಂಡು ಬಾಡಿಗೆಯ ಒಟ್ಟು ವಹಿವಾಟು ಆಗ 30 ಲಕ್ಷ ಕೋಟಿ ಯೆನ್ ಮುಟ್ಟಿತ್ತು, 2022ರಲ್ಲಿ 15 ಲಕ್ಷ ಕೋಟಿಗಿಂತ ಕಡಿಮೆ. ಇದು ಆಟಗಾರರ ನಷ್ಟವಲ್ಲ, ಹಾಕಿದ ಹಣದ ಮೊತ್ತ. ಅದರ ದೊಡ್ಡ ಪಾಲು ಬಹುಮಾನವಾಗಿ ಮರಳುತ್ತದೆ. ಯುವಕರ ಕೈಗೆ ಮೊಬೈಲ್ ಬಂತು, 2020ರ ಏಪ್ರಿಲ್‌ನಿಂದ ಒಳಗೆ ಧೂಮಪಾನವೂ ನಿಂತಿತು. 2023ರಿಂದ "ಸ್ಮಾರ್ಟ್ ಪಚಿಂಕೋ" ಬಂದಿದೆ, ಗುಂಡುಗಳು ಯಂತ್ರದ ಒಳಗೇ ಸುತ್ತುತ್ತವೆ, ಆಟಗಾರನ ಕೈಗೆ ಸಿಗುವುದಿಲ್ಲ. ಅಂಕಿ ಮಾತ್ರ ಏರಿಳಿಯುತ್ತದೆ.

ಕಡಲ ಹಳಬ

ಗುಂಡನ್ನು ಮುಟ್ಟಲೂ ಆಗದೇ? ಅದರ ತಣ್ಣನೆಯ ಭಾರ ಅಂಗೈಯಲ್ಲಿ ಇನ್ನೂ ಇದೆ ನನಗೆ.

ನಗೋಯಾದ ಹೊಸಬ

ಒಂದು ವಾರದ ನಂತರ ಬರೆಯುತ್ತಿದ್ದೇನೆ. ಈ ಚರ್ಚೆಯನ್ನು ಗೆಳೆಯನಿಗೆ ತೋರಿಸಿದೆ. ಮೊದಲು ಮುಖ ಗಂಟು ಹಾಕಿದ. ಮೇಷ್ಟರ ಲೆಕ್ಕ ಬಂದಾಗ ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡು ಸಲ ಓದಿದ. "ನಾನು ಎಂದೂ ಸುತ್ತು ಎಣಿಸಿಲ್ಲ" ಎಂದ.

ನಿನ್ನೆ ಇಬ್ಬರೂ ಒಟ್ಟಿಗೆ ಹೋದೆವು. 1,000 ಯೆನ್ ಒಂದೇ ನೋಟು, ಅವನು "ಒಳ್ಳೆಯ ಮೊಳೆ" ಎಂದು ನಂಬಿದ ಅದೇ ಯಂತ್ರ. ಅವನು ಹಿಡಿಕೆ ಹಿಡಿದ, ನಾನು ಪಕ್ಕದಲ್ಲಿ ನಿಂತು ಚೀಟಿಯ ಮೇಲೆ ಗೀಟು ಎಳೆದೆ. 14 ಸುತ್ತು. ಮೇಷ್ಟರು ಹೇಳಿದ 15 ಕೂಡ ಬರಲಿಲ್ಲ. ಎರಡು ಸಲ ರೀಚಿ ಬಂತು. ಎರಡನೆಯದರಲ್ಲಿ ದೀಪಗಳೆಲ್ಲ ಕೆಂಪಾಗಿ ಹಿಡಿಕೆ ನಡುಗಿದಾಗ, ಎಲ್ಲ ಗೊತ್ತಿದ್ದೂ ನನ್ನ ಎದೆ ಹೊಡೆದುಕೊಂಡಿತು. ಬರಲಿಲ್ಲ.

ತಟ್ಟೆಯಲ್ಲಿ ಏಳು ಗುಂಡು ಉಳಿದಿದ್ದವು. ಗೆಳೆಯ ಅವನ್ನು ಹೊಡೆಯದೆ ಗಲ್ಲಾಕ್ಕೆ ಕೊಟ್ಟ, ಎರಡು ಪೆಪ್ಪರ್‌ಮಿಂಟ್ ಸಿಕ್ಕವು. ಹೊರಗೆ ಬಂದು ಒಂದು ನನಗೆ ಕೊಟ್ಟ. ಮನೆಗೆ ಬಂದು ಅನ್ನ, ಹುರುಳಿಕಾಳು ಸಾರು ಮಾಡಿದೆವು. ಮುಂದಿನ ವಾರದಿಂದ ಪಾಳಿ ಬದಲಿಸಿಕೊಡಿ ಎಂದು ಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೇನೆ.

ಒಸಾಕಾದ ಅಡುಗೆಮನೆ

ನಗೋಯಾದಲ್ಲಿ ಹುರುಳಿಕಾಳು ಎಲ್ಲಿ ಸಿಕ್ಕಿತು? ನಾನು ಇಲ್ಲಿ ಎರಡು ವರ್ಷದಿಂದ ಹುಡುಕುತ್ತಿದ್ದೇನೆ.